ನೆರಳು ಹನ್ನೆರಡಕ್ಕೆ ನಿಲ್ಲಲಿಲ್ಲ

ಹಂದಿಜ್ವರದ ಆ ಆಗಸ್ಟ್‌ನಲ್ಲಿ ಡೊಂಬಿವಲಿಯ ಶಾಲೆಗಳನ್ನು ಒಂದು ವಾರ ಮುಚ್ಚಿದರು. ರೋಗ ಹತ್ತಿರ ಸುಳಿಯದೆಂದು ನೆರೆಮನೆಯವರು ಕರ್ಪೂರ, ಏಲಕ್ಕಿ ಕಟ್ಟಿದ ಗಂಟೊಂದನ್ನು ಕೊಟ್ಟರು. ಪುರಾವೆಯೇನೆಂದು ಕೇಳಿದೆ, ಅವರು ಮುನಿಸಿಕೊಂಡರು.

ಏಳನೆಯ ತರಗತಿಯ ಮೊಮ್ಮಗಳಿಗೆ ಪಾಠಗಳು ಇ-ಮೇಲಿನಲ್ಲಿ ಬರತೊಡಗಿದವು. ವಿಜ್ಞಾನದ ಟೀಚರು ಕೇಳಿದ್ದು ಇಷ್ಟೆ: ನೆಟ್ಟ ಕೋಲಿನ ನೆರಳು ಯಾವ ಹೊತ್ತಿನಲ್ಲಿ ಅತಿ ಚಿಕ್ಕದು? ಉತ್ತರ ಮಧ್ಯಾಹ್ನ ಒಂದರೊಳಗೆ ತಲುಪಬೇಕು, ತಡವಾದರೆ ಸೊನ್ನೆ. ನಮ್ಮ ಕಟ್ಟಡದ ಲೋಡ್‌ಶೆಡ್ಡಿಂಗೂ ಒಂದಕ್ಕೇ. ಹಿಂದಿನ ಪರೀಕ್ಷೆಯಲ್ಲಿ ಮುಗ್ಗರಿಸಿದ್ದ ಹುಡುಗಿಗೆ ಈ ಹತ್ತು ಅಂಕಗಳು ಬೇಕೇ ಬೇಕಿದ್ದವು.

ಪುಸ್ತಕದಲ್ಲಿ ಹನ್ನೆರಡು ಗಂಟೆಯೆಂದಿತ್ತು. ಐದನೆಯ ತರಗತಿಗೇ ಶಾಲೆ ಬಿಟ್ಟು ಉಳಿದುದನ್ನೆಲ್ಲ ಸ್ವಂತವಾಗಿ ಓದಿಕೊಂಡ ನನಗೆ, ಅಚ್ಚಾದ ಮಾತನ್ನು ಹಾಗೆಯೇ ನುಂಗುವ ಅಭ್ಯಾಸವಿಲ್ಲ. ಹಳೆಯ ಹಲಗೆಯೊಂದಕ್ಕೆ ಕಿಟಕಿ ಪರದೆಯ ಕೋಲನ್ನು ನೆಟ್ಟಗೆ ಜಡಿದು ಟೆರೇಸಿಗೆ ಹೊತ್ತೆವು. ಅಪರೂಪಕ್ಕೆ ಬಿಸಿಲೂ ಬಂದಿತ್ತು.

ಹನ್ನೆರಡಕ್ಕೆ ನೆರಳು ಒಂದು ಗೇಣಿಗೆ ಸ್ವಲ್ಪ ಕಡಿಮೆ.

"ಅಜ್ಜಿ, ಬಾರಾ ವಾಜ್‌ಲೇ! ಬಸ್, ಹೋ ಗಯಾ!" ಹನ್ನೆರಡಾಯಿತು, ಮುಗಿಯಿತು ಎಂದು ಮೊಮ್ಮಗಳ ಅವಸರ.

"ನಿಲ್ಲು ಮಾರಾಯ್ತಿ, ಅದಿನ್ನೂ ಗಿಡ್ಡ ಆಗ್ತಾ ಉಂಟು."

"ಬುಕ್ ಮೇ ಲಿಖಾ ಹೈ ನಾ!"

"ಬುಕ್ಕು ಬರೆದವ ಈ ಟೆರೇಸಿಗೆ ಬಂದಿದ್ನಾ?"

ಐದೈದು ನಿಮಿಷಕ್ಕೊಮ್ಮೆ ಸೀಮೆಸುಣ್ಣದ ಗೆರೆ ಎಳೆದಳು. ಮೋಡವೊಂದು ಬಂದಾಗ ಇಬ್ಬರೂ ಸೇರಿ ಅದನ್ನು ಬೈದೆವು. ಹನ್ನೆರಡೂ ನಲವತ್ತರ ಸುಮಾರಿಗೆ ನೆರಳು ನಾಲ್ಕು ಬೆರಳಾಯಿತು. ಐವತ್ತಕ್ಕೆ ಕೂದಲೆಳೆಯಷ್ಟು ಬೆಳೆಯಿತು. ಅವಳು ಕಿರುಚಿದಳು, ನಾನೂ ಕಿರುಚಿದೆ. ನಾಲ್ಕು ಮಹಡಿ ಇಳಿದೆವು. ನನ್ನ ಮಂಡಿಗಳು ಅಂದು ನೋವನ್ನೇ ಮರೆತಿದ್ದವು. ಉತ್ತರ ಟೈಪಿಸಿ ಕಳಿಸಿ ಅವಳು ಉಸಿರು ಬಿಡುವಷ್ಟರಲ್ಲಿ ಕಂಪ್ಯೂಟರು ಆರಿತು.

ಕರೆಂಟು ಮರಳಿದಾಗ ಟೀಚರ ಮರುಪತ್ರ ಕಾದಿತ್ತು: ನಾಳೆ ಇಡೀ ತರಗತಿ ಅಳೆಯಲಿ, ಅಂಕದ ಮಾತು ಆಮೇಲೆ. ಅಷ್ಟರಲ್ಲಿ ನಾನು ಭೂಪಟ ಹರಡಿ ಕೂತಿದ್ದೆ. ನಮ್ಮ ಗಡಿಯಾರಗಳು ಪಾಲಿಸುವುದು ಪೂರ್ವಕ್ಕಿರುವ ದೂರದ ಅಲಹಾಬಾದ್ ಕಡೆಯ ಮಧ್ಯಾಹ್ನವನ್ನು. ಪಶ್ಚಿಮದ ಡೊಂಬಿವಲಿಯ ನೆತ್ತಿಗೆ ಸೂರ್ಯ ತಡವಾಗಿ ಬರುತ್ತಾನೆ.

ಮರುದಿನ ಹನ್ನೆರಡೂ ಮುಕ್ಕಾಲಾದ ಮೇಲೆ ಫೋನಿಗೆ ಬಿಡುವಿಲ್ಲ. ಕಲ್ಯಾಣದಿಂದ ಒಬ್ಬಳು ಸಹಪಾಠಿ, ಬದಲಾಪುರದಿಂದ ಇನ್ನೊಬ್ಬಳು, ಎಲ್ಲರದೂ ಒಂದೇ ಕೂಗು: "ಸೇಮ್! ಸೇಮ್!"

ಸಂಜೆ ಮೊಮ್ಮಗಳು ಹತ್ತಕ್ಕೆ ಹತ್ತೆಂದು ಹಾರಿದಳು. ಕನ್ನಡಕ ತಂದು ಕಂಪ್ಯೂಟರಿನ ಪರದೆಯ ಮೇಲೆ ಎರಡು ಸಲ ಓದಿದ ಮೇಲಷ್ಟೇ ನಾನು ನಂಬಿದೆ. ಆಮೇಲೆ ಇಬ್ಬರೂ ಕುಣಿದೆವು.