ತಪ್ಪು ಅಜ್ಜಿಯ ಎಣ್ಣೆಯದ್ದಲ್ಲ

ಭವ್ಯಳ ಕೂದಲು ಸುಟ್ಟದ್ದು ನಾನು. ದೇವಕಿಯಜ್ಜಿ ಕಾಯಿಸಿದ ಎಣ್ಣೆಯಿಂದ ಅದು ಹಾಳಾಯಿತು ಎಂದು ಎಂಟು ವರ್ಷಗಳಿಂದ ನಮ್ಮೂರಿನವರು ನಂಬಿಕೊಂಡು ಬಂದದ್ದು ಸುಳ್ಳು — ಆ ಸುಳ್ಳನ್ನು ಹುಟ್ಟಿಸಿದವಳೂ ನಾನೇ, ಮನೆಮನೆಗೆ ಹಂಚಿದವಳೂ ನಾನೇ.

ಬರೆದಾಯಿತು. ಇಷ್ಟೇ ಇಷ್ಟು, ಎರಡು ಸಾಲು. ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಎಷ್ಟು ಮದುವೆ ಹುಡುಗಿಯರ ತಲೆ ಬಾಚಿದ್ದೇನೆ, ಎಷ್ಟು ಮಂದಿಗೆ ಕೂದಲಿನ ಆರೈಕೆಯ ಬಗ್ಗೆ ಭಾಷಣ ಬಿಗಿದಿದ್ದೇನೆ — ನೆನೆದರೆ ಈಗ ನಗು ಬರುತ್ತದೆ, ಅದರ ಹಿಂದೆಯೇ ನಾಚಿಕೆಯೂ.

ನನ್ನ ಹೆಸರು ಸುಮಾ. ಕಡಬ ಪೇಟೆಯಲ್ಲಿ, ಮಹಡಿಯ ಮೇಲೆ, ನನ್ನದೊಂದು ಸಣ್ಣ ಬ್ಯೂಟಿ ಪಾರ್ಲರ್ ಇದೆ. ಎರಡು ಕುರ್ಚಿ, ಒಂದು ಉದ್ದ ಕನ್ನಡಿ, ಕಿಟಕಿಯಾಚೆ ಬಸ್ಸುಗಳ ಹಾರ್ನ್. ಎಂಟು ವರ್ಷದ ಹಿಂದೆ, ಪುತ್ತೂರಿನಲ್ಲಿ ಆರು ತಿಂಗಳ ಕೋರ್ಸು ಮುಗಿಸಿ ಊರಿಗೆ ಬಂದಾಗ ನನಗೆ ಅಂಗಡಿ ಇರಲಿಲ್ಲ, ಹೆಸರು ಮಾತ್ರ ಇತ್ತು. ಸಿನಿಮಾದವರ ಹಾಗೆ ಕಾಣಬೇಕು, ಖರ್ಚು ಆಗಬಾರದು — ಹಾಗೆ ಹೇಳುವ ಹುಡುಗಿಯರಿಗೆಲ್ಲ ನಾನೇ ಗತಿ. ಯಾವಳೋ ನಟಿ ಪ್ರಶಸ್ತಿ ಸಮಾರಂಭಕ್ಕೆ ನೆಲ ಗುಡಿಸುವ ಗೌನ್ ತೊಟ್ಟು ಬಂದರೆ ಮುಂದಿನ ವಾರ ಇಲ್ಲಿ ಯಾರದೋ ಅಮ್ಮನ ಹಳೆಯ ಸೀರೆ ನನ್ನ ಕತ್ತರಿಯ ಕೆಳಗೆ ಬರುತ್ತಿತ್ತು. ಗುಂಗುರು ಕೂದಲಿಗೆ ಮೆಷೀನು ಯಾಕೆ, ಹಳೆ ಬನಿಯನಿನ ಪಟ್ಟಿ ಸುತ್ತಿ ಮಲಗಿದರೆ ಸಾಕು. ತುಟಿಗೆ ಬೀಟ್‌ರೂಟ್ ರಸ ಮತ್ತು ತುಪ್ಪ, ಕೆನ್ನೆಗೂ ಅದೇ. ಪುತ್ತೂರಿನ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ "ಇದು ಸುಮಕ್ಕನ ಕೈ" ಎಂದು ಹುಡುಗಿಯರು ಒಬ್ಬರನ್ನೊಬ್ಬರು ಗುರುತಿಸುತ್ತಿದ್ದರಂತೆ. ನನ್ನ ತಲೆ ತಿರುಗಲಿಕ್ಕೆ ಅಷ್ಟು ಸಾಕಾಯಿತು.

ಭವ್ಯ ನಮ್ಮ ಪಕ್ಕದ ಮನೆಯವಳು, ನನಗಿಂತ ನಾಲ್ಕು ವರ್ಷ ಚಿಕ್ಕವಳು. ಅವಳ ಕೂದಲು ಸೊಂಟ ದಾಟುತ್ತಿತ್ತು. ಆ ಕೂದಲನ್ನು ಬೆಳೆಸಿದ್ದು ಅವಳ ಅಜ್ಜಿ, ಅಪ್ಪನ ಅಮ್ಮ, ದೇವಕಿಯಜ್ಜಿ.

ಅಜ್ಜಿಯ ಎಣ್ಣೆಯ ಬಗ್ಗೆ ಹೇಳಬೇಕು. ದಾಸವಾಳದ ಎಲೆ, ಗರುಗದ ಸೊಪ್ಪು, ಕರಿಬೇವು, ಮೆಂತೆ, ನೆಲ್ಲಿಕಾಯಿ — ಎಲ್ಲವನ್ನೂ ಅರೆದು, ಕಂಚಿನ ಉರುಳಿಯಲ್ಲಿ ತೆಂಗಿನೆಣ್ಣೆಯ ಜೊತೆ ಸಣ್ಣ ಉರಿಯಲ್ಲಿ ಕಾಯಿಸುತ್ತಿದ್ದರು. ಮಾರುತ್ತಿರಲಿಲ್ಲ. ಬೇಕಾದವರು ಅವರ ಮನೆಯ ಜಗಲಿಯ ಕಟ್ಟೆಯ ಮೇಲೆ ಒಂದು ಖಾಲಿ ಬಾಟಲಿ ಇಟ್ಟು ಬರಬೇಕು, ಬಾಯಿಬಿಟ್ಟು ಕೇಳಬಾರದು. ನಾಲ್ಕೈದು ದಿನ ಬಿಟ್ಟು ಹೋದರೆ ಬಾಟಲಿ ತುಂಬಿರುತ್ತಿತ್ತು. ಬಾಣಂತಿಯರ ಮನೆಯ ಬಾಟಲಿಗೆ ಮೊದಲ ಸರದಿ, ಮದುವೆ ಗೊತ್ತಾದವಳದ್ದು ಆಮೇಲೆ, ಉಳಿದವರು ಕಾಯಬೇಕು. ಆ ಕಟ್ಟೆ ಖಾಲಿ ಇದ್ದದ್ದನ್ನು ನಾನು ಚಿಕ್ಕಂದಿನಲ್ಲಿ ನೋಡಿಯೇ ಇಲ್ಲ. ನನ್ನ ತಲೆಗೂ ಅದೇ ಎಣ್ಣೆ.

ಭವ್ಯಳ ಅಕ್ಕನ ಮದುವೆ ಬಂತು. ಆಗ ಎಲ್ಲರ ಮೊಬೈಲಿನಲ್ಲೂ ಒಬ್ಬ ನಟಿಯ ಮದುವೆಯ ಫೋಟೋ: ಬಿಚ್ಚಿಬಿಟ್ಟ ಕೂದಲು, ಅದರಲ್ಲಿ ಅಲ್ಲಲ್ಲಿ ಜೇನಿನ ಬಣ್ಣದ ಎಳೆಗಳು. ಭವ್ಯಳಿಗೆ ಅದೇ ಬೇಕಾಯಿತು. ಮಂಗಳೂರಿನ ಸಲೂನಿಗೆ ಫೋನ್ ಮಾಡಿ ರೇಟು ಕೇಳಿ ಮುಖ ಸಣ್ಣ ಮಾಡಿಕೊಂಡು ಬಂದಳು.

"ಮಂಗಳೂರಿಗೆ ಎಂತಕ್ಕೆ ಮಾರಾಯ್ತಿ? ನಾನಿಲ್ವಾ?" ಎಂದೆ.

ಮದುವೆಯ ಎರಡು ದಿನ ಮೊದಲು, ಅವರ ಮನೆಯ ಮಾಳಿಗೆಯ ಕೋಣೆಯಲ್ಲಿ, ಬೆಳಗಿನ ತಿಂಡಿ ಮುಗಿಸಿ ಕುಳಿತೆವು. ಪುತ್ತೂರಿನಿಂದ ತಂದ ಬ್ಲೀಚ್ ಪುಡಿ, ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್, ಮೊಬೈಲಿನಲ್ಲಿ ಒಂದು ವಿಡಿಯೋ. ನನಗೆ ಕಲಿಸಿದ ಟೀಚರ್ ಒಂದು ಮಾತನ್ನು ಬೋರ್ಡಿನ ಮೇಲೆ ಬರೆದು ಕೆಳಗೆ ಗೆರೆ ಎಳೆದಿದ್ದರು — ಮದರಂಗಿ ಹಚ್ಚಿದ ತಲೆಗೆ ಬ್ಲೀಚ್ ಮುಟ್ಟಿಸಬೇಡಿ. ಸಂಶಯ ಇದ್ದರೆ ಕಿವಿಯ ಹಿಂದಿನ ಒಂದು ಎಳೆ ಕತ್ತರಿಸಿ ಪರೀಕ್ಷೆ ಮಾಡಿ. ನನಗೆ ಸಂಶಯಕ್ಕೆ ಜಾಗವೇ ಇರಲಿಲ್ಲ. ತಿಂಗಳ ಹಿಂದೆ ಅವಳ ತಲೆಗೆ ಮದರಂಗಿ ಹಚ್ಚಿದವಳು ನಾನೇ! ಅದೂ ಕಬ್ಬಿಣದ ಬಾಣಲೆಯಲ್ಲಿ ಚಹಾದ ಡಿಕಾಕ್ಷನ್ ಹಾಕಿ ಕಲಸಿ, ಒಂದಿಡೀ ದಿನ ನೆನೆಸಿಟ್ಟದ್ದು. ಹಾಗೆ ಮಾಡಿದರೆ ಬಣ್ಣ ಗಾಢವಾಗಿ ಹಿಡಿಯುತ್ತದೆ ಎಂದು ನಮ್ಮ ಕಡೆ ಎಲ್ಲರೂ ಮಾಡುವುದು. ಹಿಡಿಯುವುದು ಕಬ್ಬಿಣ ಎಂದು ಯಾರೂ ಯೋಚಿಸುವುದಿಲ್ಲ. ಕಬ್ಬಿಣ ಹಿಡಿದ ಕೂದಲಿಗೆ ಬ್ಲೀಚ್ ಬಿದ್ದರೆ ಕೂದಲೇ ಕಾಯುತ್ತದೆ.

ಗೊತ್ತಿತ್ತು. ಪೂರ್ತಿ ಅಲ್ಲದಿದ್ದರೂ, ಬೇಕಾದಷ್ಟು ಗೊತ್ತಿತ್ತು. ಆದರೆ ಕೆಳಗೆ ನೆಂಟರು ಬರಲಾರಂಭಿಸಿದ್ದರು, ಭವ್ಯ ಕನ್ನಡಿಯಲ್ಲಿ ನನ್ನನ್ನೇ ನೋಡಿ ನಗುತ್ತಿದ್ದಳು, ಮತ್ತು ನನಗೆ — ಒಂದು ಎಳೆ ಕತ್ತರಿಸಿ ಅರ್ಧ ಗಂಟೆ ಕಾಯುವುದು ಕಲಿಯುವವರ ಕೆಲಸ ಎಂದು ಕಂಡಿತು.

"ಸುಮಕ್ಕಾ, ತಲೆ ಬಿಸಿ ಆಗ್ತಾ ಉಂಟು."

"ಆಗ್ತದೆ, ಬಣ್ಣ ಹಿಡಿಯುವಾಗ ಹಾಗೆಯೇ."

ಎರಡು ನಿಮಿಷ ಬಿಟ್ಟು ನಾನು ಫಾಯಿಲ್ ಮುಟ್ಟಿದೆ. ಇಡ್ಲಿ ಪಾತ್ರೆಯ ಮುಚ್ಚಳ ಮುಟ್ಟಿದ ಹಾಗಾಯಿತು. ಬಿಚ್ಚಿದಾಗ ಹಬೆ ಬಂತು, ಕಮಟು ವಾಸನೆ ಬಂತು, ನೀರು ಸುರಿದು ತೊಳೆಯುವಷ್ಟರಲ್ಲಿ ಕೂದಲು — ಕೈಯಲ್ಲೇ ಬಂತು. ಹಿಡಿ ಹಿಡಿಯಾಗಿ. ಪುಣ್ಯಕ್ಕೆ ನೆತ್ತಿಯ ಚರ್ಮಕ್ಕೆ ಏನೂ ಆಗಲಿಲ್ಲ. ಭವ್ಯ ಅಳಲೂ ಇಲ್ಲ, ಬಕೆಟಿನೊಳಗೆ ನೋಡುತ್ತಾ ಕುಳಿತಳು. ನೀರು ಸುರಿದ ಶಬ್ದ ಕೇಳಿ ಅವಳ ಅಮ್ಮ ಮೆಟ್ಟಿಲು ಹತ್ತಿ ಬಂದರು, ಹಿಂದೆಯೇ ಸಂಪಾಜೆಯಿಂದ ಬಂದಿದ್ದ ಚಿಕ್ಕಮ್ಮ, ಅವರ ಹಿಂದೆ ಕೈಯೂರಿಕೊಂಡು ದೇವಕಿಯಜ್ಜಿ.

"ಎಂತ ಆಯ್ತು?" ಎಂದರು ಅಮ್ಮ.

ಆಗ ಸತ್ಯ ಹೇಳಲಿಕ್ಕೆ ನನಗೆ ಒಂದು ಉಸಿರಿನಷ್ಟು ಸಮಯ ಇತ್ತು. ಅಷ್ಟರಲ್ಲಿ ನಾನು ಭವ್ಯಳ ಕಡೆ ತಿರುಗಿ ಕೇಳಿದ್ದು ಹೀಗೆ:

"ನೀನು ಅಜ್ಜಿಯ ಎಣ್ಣೆ ಹಚ್ಚಿದ್ದಿಯಾ?"

"ಮೊನ್ನೆ ಹಚ್ಚಿದ್ದೆ."

"ಹಾಗಾದ್ರೆ ಅದೇ. ಅದಕ್ಕೆ ಎಂತೆಂತ ಸೊಪ್ಪು ಹಾಕ್ತಾರೋ ಏನೋ. ನನಗೆ ಮೊದಲೇ ಹೇಳುದಲ್ವಾ ನೀನು?"

ಎಷ್ಟು ಸಲೀಸಾಗಿ ಬಂತು ಆ ಮಾತು! ಕೊನೆಗೆ ಅವಳನ್ನೇ ಗದರಿಸಿದ ಹಾಗೆಯೂ ಆಯಿತು. ಅಜ್ಜಿ ಬಾಗಿಲ ದಾರಂದ ಹಿಡಿದು ನಿಂತಿದ್ದರು. ತಮ್ಮ ಎರಡೂ ಅಂಗೈಯನ್ನು ಸೆರಗಿಗೆ ಒರೆಸಿಕೊಂಡು ಕೆಳಗೆ ಇಳಿದರು — ಅವರ ಕೈಯಲ್ಲಿ ಒರೆಸಲಿಕ್ಕೆ ಏನೂ ಇರಲಿಲ್ಲ.

ಉಳಿದ ಕೂದಲನ್ನು ಕಿವಿಯ ಕೆಳಗಿನವರೆಗೆ ಕತ್ತರಿಸಿ, ಮೊಬೈಲಿನಲ್ಲಿ ಇನ್ನೊಬ್ಬ ನಟಿಯ ಫೋಟೋ ಹುಡುಕಿ, "ಇದೇ ಕಟ್, ಈಗ ಇದೇ ನಡೀತಾ ಇರುದು" ಎಂದೆ. ನನ್ನ ದುರದೃಷ್ಟಕ್ಕೆ ಅದು ಚೆಂದ ಕಂಡಿತು. ಮದುವೆಯ ಫೋಟೋ ನೋಡಿದ ಹುಡುಗಿಯರು "ನಮಗೂ ಭವ್ಯನ ಹಾಗೆಯೇ ಬೇಕು" ಎಂದು ಬಂದರು. ನನ್ನ ಪಾರ್ಲರ್ ಶುರುವಾದದ್ದು ಆ ಸುಟ್ಟ ಕೂದಲಿನಿಂದ — ಇದನ್ನೂ ಹೇಳಿಬಿಡುತ್ತೇನೆ, ಯಾಕೆ ಉಳಿಸಿಕೊಳ್ಳಲಿ.

ಮದುವೆ ಮನೆಯಲ್ಲಿ ಹೆಂಗಸರು ಕೇಳಿದರು. ನಾನು ಹೇಳಿದೆ. ಕೇಳದವರಿಗೂ ಹೇಳಿದೆ. ಕೋರ್ಸು ಮಾಡಿದವಳು ಹೇಳಿದರೆ ಯಾರು ನಂಬುವುದಿಲ್ಲ? ಹುಬ್ಬು ತಿದ್ದಿಸಲು ಬಂದವರಿಗೆ, ಫೇಶಿಯಲ್‌ಗೆ ಮಲಗಿದವರಿಗೆ, "ಆ ಎಣ್ಣೆ ಮಾತ್ರ ಬೇಡ ಆಯ್ತಾ" ಎಂದು ಕಾಳಜಿಯಿಂದ ಹೇಳುತ್ತಿದ್ದೆ. ಭಯ ಇದ್ದವಳಿಗೆ ಬಾಯಿ ಹೆಚ್ಚು. ಸಂಪಾಜೆಯ ಚಿಕ್ಕಮ್ಮ ಪ್ರತಿ ಸಲ ಬಂದಾಗ ಬಾಟಲಿ ತುಂಬಿಸಿಕೊಂಡು ಹೋಗುತ್ತಿದ್ದವರು ಆ ಸಲ ಬರಿಗೈಯಲ್ಲಿ ಹೋದರು. ಕಟ್ಟೆಯ ಮೇಲೆ ಉಳಿದಿದ್ದ ಖಾಲಿ ಬಾಟಲಿಗಳನ್ನು ಅಜ್ಜಿ ಸೀಗೆಪುಡಿ ಹಾಕಿ ತೊಳೆದು, ಒಣಗಿಸಿ, ಅವರವರ ಮನೆಗೆ ಕಳುಹಿಸಿದರಂತೆ. ಉರುಳಿ ಅಟ್ಟ ಸೇರಿತು. ನಮ್ಮ ಮನೆಯ ಬಾಟಲಿಯೂ ಬಂತು. ಅದನ್ನು ನಾನೇ ತೆಗೆದುಕೊಂಡೆ.

ಎಂಟು ವರ್ಷ ನಾನು ಆ ಜಗಲಿಯನ್ನು ತಪ್ಪಿಸಿಕೊಂಡು ನಡೆದೆ. ಭವ್ಯಳಿಗೆ ಮದುವೆಯಾಯಿತು, ನಾನೇ ಅಲಂಕಾರ ಮಾಡಿದೆ. ಕೂದಲು ಮತ್ತೆ ಬೆನ್ನಿನವರೆಗೆ ಬೆಳೆದಿತ್ತು. ಬೆಳೆದಿದೆಯಲ್ಲ, ಇನ್ನೆಂತ ಎಂದು ನನಗೆ ನಾನೇ ಹೇಳಿಕೊಂಡೆ.

ಹೋದ ತಿಂಗಳು ಅವಳು ಹೆತ್ತು ತವರಿಗೆ ಬಂದಳು. ಹೆಣ್ಣು ಮಗು, ತಲೆ ತುಂಬ ಕೂದಲು. ನೋಡಲು ಹೋದೆ. ಹೋಗದಿದ್ದರೆ ಹೇಗೆ? ಬಾಣಂತಿ ಕೋಣೆಯಲ್ಲಿ ಭವ್ಯ ಮಲಗಿದ್ದಳು, ಮಗುವನ್ನು ಚಾಚಿದ ಕಾಲಿನ ಮೇಲೆ ಹಾಕಿಕೊಂಡು ದೇವಕಿಯಜ್ಜಿ ಕುಳಿತಿದ್ದರು. ನನ್ನನ್ನು ಕಂಡು ಅವರ ಮುಖ ಅರಳಿತು.

"ಬಾ ಮಗಾ, ನಿನ್ನನ್ನೇ ಕೇಳ್ಬೇಕು ಅಂತ ಇದ್ದೆ. ನೀನು ಕಲಿತವಳು. ಈ ಮಗುವಿನ ತಲೆಗೆ ಯಾವ ಕಂಪೆನಿಯ ಎಣ್ಣೆ ಹಚ್ಚುದು ಒಳ್ಳೆದು? ನನಗೆ ಈಗ ಯಾವುದೂ ಗೊತ್ತಾಗುದಿಲ್ಲ."

ನಾನು ಅಲ್ಲಿಯೇ ನೆಲದ ಮೇಲೆ ಕುಳಿತುಬಿಟ್ಟೆ. ಊರಿನ ಅರ್ಧ ಮಕ್ಕಳ ತಲೆಗೆ ಎಣ್ಣೆ ಕೊಟ್ಟ ಹೆಂಗಸು, ತಮ್ಮ ಮರಿಮಗಳ ತಲೆಗೆ ಏನು ಹಚ್ಚಲಿ ಎಂದು ಕೇಳುತ್ತಿದ್ದಾರೆ — ನನ್ನನ್ನು. ಇನ್ನು ಒಂದು ಸುಳ್ಳು ಹೇಳಿದರೆ ನನ್ನ ನಾಲಿಗೆಯೇ ನನಗೆ ಅಸಹ್ಯವಾಗುತ್ತಿತ್ತು. ಹೇಳಿದೆ. ಮದರಂಗಿ, ಕಬ್ಬಿಣದ ಬಾಣಲೆ, ಮಾಡದೆ ಬಿಟ್ಟ ಪರೀಕ್ಷೆ, ಎಲ್ಲ. ಅಳು ಬರಲಿಲ್ಲ, ವಾಂತಿ ಮಾಡಿಕೊಂಡವರ ಹಾಗೆ ಒಂದೇ ಸಮ ಹೊರಗೆ ಹಾಕಿದೆ.

ಭವ್ಯ ಎದ್ದು ಕುಳಿತಳು. "ಎಂಟು ವರ್ಷ ನಾನು ಅಜ್ಜಿಗೆ ಮನಸ್ಸಿನಲ್ಲೇ ಬೈದಿದ್ದೇನೆ ಸುಮಕ್ಕ," ಎಂದಳು. "ಕೂದಲು ಹೋದದ್ದಕ್ಕೆ ಅಲ್ಲ ನನಗೀಗ ಸಿಟ್ಟು." ಆಮೇಲೆ ನನ್ನ ಕಡೆ ನೋಡಲಿಲ್ಲ.

ಅಜ್ಜಿ ಮಾತ್ರ ಬೇರೆಯೇ ಮಾತು ಹಿಡಿದುಕೊಂಡಿದ್ದರು.

"ಎಣ್ಣೆಯದ್ದು ಅಲ್ವಾ? ಸರಿ ನೋಡಿ ಹೇಳು."

"ಅಲ್ಲ ಅಜ್ಜಿ. ಒಂದು ಚೂರೂ ಅಲ್ಲ."

"ನಾನು ಒಬ್ಬಳೇ ಹಚ್ಚಿಕೊಳ್ತಾ ಇದ್ದೆ," ಎಂದರು. "ಸಣ್ಣ ಸೌಟಿನಲ್ಲಿ ನನಗಾಗುವಷ್ಟು ಕಾಯಿಸಿ. ದಿನಾ ಬಾಚಿ ಬಾಚಣಿಗೆ ನೋಡುದು, ಎಷ್ಟು ಉದುರ್ತದೆ ಅಂತ. ಏನೂ ಆಗ್ಲಿಲ್ಲ. ಆದರೂ ಮುದುಕಿಯ ಕೂದಲು ಬೇರೆ, ಎಳೆ ಹುಡುಗಿಯರದ್ದು ಬೇರೆ ಅಲ್ವಾ ಅಂತ ಕೊಡ್ಲಿಕ್ಕೆ ಧೈರ್ಯ ಬರ್ಲಿಲ್ಲ."

ಎಂಟು ವರ್ಷ. ನಾನು ಮಾಡದೆ ಬಿಟ್ಟ ಅರ್ಧ ಗಂಟೆಯ ಪರೀಕ್ಷೆಯನ್ನು ಆ ಮುದಿ ಜೀವ ತನ್ನ ತಲೆಯ ಮೇಲೆ ಎಂಟು ವರ್ಷ ಮಾಡಿತು.

ಆಮೇಲೆ ಅವರು ನಕ್ಕರು. ಹಲ್ಲಿಲ್ಲದ ಬಾಯಿ ತುಂಬ ನಕ್ಕು, ಮಗುವಿನ ತಲೆ ಸವರಿ, "ಕೇಳಿದೆಯಾ, ನಿನ್ನ ಮುದಿಯಜ್ಜಿಯ ಎಣ್ಣೆ ಒಳ್ಳೆದೇ ಅಂತೆ" ಎಂದರು. ನನ್ನ ಎದೆಯ ಮೇಲಿಂದ ಏನೋ ಎದ್ದು ಹೋಯಿತು. ಆ ನಿರಾಳಕ್ಕೆ ನಾನು ಯೋಗ್ಯಳಲ್ಲ, ಆದರೂ ಬಂತು. ಇಲ್ಲ ಎಂದರೆ ಅದೊಂದು ಹೊಸ ಸುಳ್ಳಾಗುತ್ತದೆ.

ಹೊರಡುವಾಗ ಅಜ್ಜಿ ಕರೆದರು. "ನನಗೆ ಹೇಳಿ ಸುಮ್ಮನಾಗ್ಬೇಡ. ಆಗ ಎಷ್ಟು ಮನೆಯವರಿಗೆ ಹೇಳಿದ್ದಿಯೋ ಅಷ್ಟೂ ಮನೆಗೆ ಹೋಗಿ ಹೇಳು."

ಹೋಗುತ್ತಿದ್ದೇನೆ. ಕೆಲವರು ನಕ್ಕರು, ಕೆಲವರು ಚಹಾ ಕೊಟ್ಟರು. ಒಬ್ಬರು ಕೇಳಿ ಮುಗಿಸಿ "ಹಾಗಾದ್ರೆ ನನ್ನ ಮಗಳ ಮದುವೆಗೆ ನೀವು ಬೇಡ" ಎಂದರು. ನ್ಯಾಯವೇ. ಪಾರ್ಲರಿನಲ್ಲಿ ಈಗಲೂ ನಟಿಯರ ಫೋಟೋ ಹಿಡಿದು ಹುಡುಗಿಯರು ಬರುತ್ತಾರೆ, ನಾನೂ ಸಂತೋಷದಿಂದಲೇ ಮಾಡಿಕೊಡುತ್ತೇನೆ. ಆದರೆ ಮೊದಲು ಮದರಂಗಿಯ ವಿಷಯ ಕೇಳುತ್ತೇನೆ, ಒಂದು ಎಳೆ ಕತ್ತರಿಸಿ ಪರೀಕ್ಷೆಗಿಟ್ಟು ಅರ್ಧ ಗಂಟೆ ಕಾಯುತ್ತೇನೆ. ಕಾಯುವಾಗ ಈ ಕತೆ ಹೇಳುತ್ತೇನೆ.

ಹೋದ ವಾರ ನಮ್ಮ ಮನೆಯ ಆ ಹಳೆ ಬಾಟಲಿ ತೊಳೆದು, ಯಾರನ್ನೂ ಕೇಳದೆ, ಜಗಲಿಯ ಕಟ್ಟೆಯ ಮೇಲೆ ಇಟ್ಟು ಬಂದೆ. ಅಟ್ಟದಿಂದ ಉರುಳಿ ಇಳಿದಿತ್ತು. ಅಂಗಳದಲ್ಲಿಯೇ ಕರಿಬೇವು ಕಾದ ಪರಿಮಳ. ನಿನ್ನೆ ಹೋದಾಗ ಕಟ್ಟೆಯ ಮೇಲೆ ಐದು ಬಾಟಲಿ ಇದ್ದವು. ನಾಲ್ಕು ತುಂಬಿದ್ದವು. ನನ್ನದು ಖಾಲಿ.

ಅಜ್ಜಿ ಒಳಗಿನಿಂದಲೇ ಹೇಳಿದರು: "ನಿನ್ನ ಸರದಿ ಕಡೆಗೆ. ಎರಡು ಮನೆ ಬಾಕಿ ಉಂಟಲ್ಲ ನಿನಗೆ?"

ಲೆಕ್ಕ ಸರಿಯಾಗಿತ್ತು. ಒಂದು ಸುಳ್ಯದಲ್ಲಿ, ಇನ್ನೊಂದು ಸಂಪಾಜೆಯ ಚಿಕ್ಕಮ್ಮನದು. ಇವತ್ತು ಪಾರ್ಲರಿಗೆ ಬೀಗ ಹಾಕಿದ್ದೇನೆ. ಬರೆದದ್ದು ಸಾಕು, ಸುಳ್ಯದ ಬಸ್ಸು ಹಿಡಿಯಬೇಕು.