ಅರ್ಜಿಮಾಮ ತುಂಬಿದ ಎರಡು ಖಾನೆ

ಅರ್ಜಿಮಾಮನಿಗೂ ಸ್ವಂತ ಹೆಸರೊಂದು ಇದ್ದೇ ಇರಬೇಕು, ಕರೆದವರಿಲ್ಲ ಅಷ್ಟೆ. ಮೂವತ್ತು ವರ್ಷದಿಂದ ಮನೆಯ ಮುಂಗೋಣೆಯಲ್ಲಿ ಕೂತು ಬೀದಿಯವರ ಅರ್ಜಿ, ದೂರು, ಕ್ಷಮಾಪಣೆ ಪತ್ರಗಳನ್ನು ಟೈಪ್ ಮಾಡಿಕೊಡುವ ಆಸಾಮಿ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದರೂ ಅವನ ಹೆಮ್ಮೆ ಒಂದೇ: ಈ ಕೋಣೆಯ ಗುಟ್ಟು ಹೊಸ್ತಿಲು ದಾಟಿದ್ದಿಲ್ಲ.

ಒಂದು ಸೋಮವಾರ ಮಹಡಿ ಮನೆಯ ನರ್ಸಮ್ಮ ಕೆಂಡಾಮಂಡಲವಾಗಿ ಬಂದಳು.

“ಮಾಮ, ನೀವು ಟೈಪ್ ಮಾಡಿಕೊಟ್ಟ ಕೆಲಸ ಬಿಡೋ ಪತ್ರ ನಾನಿನ್ನೂ ಆಸ್ಪತ್ರೆಗೆ ಕೊಟ್ಟೇ ಇಲ್ಲ. ಎದುರುಗಡೆ ಕಟಿಂಗ್ ಶಾಪಿನವನು ‘ಯಾವಾಗಮ್ಮ ಬಿಡ್ತೀರಾ?’ ಅಂತ ಕೇಳ್ತಾನೆ! ನಿಮ್ಮನ್ನ ನಂಬಿದ್ದೆ.”

ಮಾಮ ಇಲ್ಲದಾಗ ಆ ಕೋಣೆಗೆ ಬಂದುಹೋಗುವವಳು, ಕಸ ಗುಡಿಸುವ ಹೆಂಡತಿ ಒಬ್ಬಳೇ.

“ನಿನ್ನ ಬಾಯಿ ಸುಮ್ನಿರೋದೇ ಇಲ್ವೇನೇ?” ಎಂದು ಅವಳ ಮೇಲೆ ಹಾರಿಬಿದ್ದ.

ಅವಳು ಪೊರಕೆಯನ್ನು ಮೂಲೆಗಿಟ್ಟು ಹೋದಳು. ಅಂದಿನಿಂದ ಚಹಾದ ಲೋಟ ಬಾಗಿಲ ಹೊರಗೇ ನಿಂತಿತು, ಮಾತೂ ಅಲ್ಲೇ ನಿಂತಿತು.

ಮೂರನೇ ದಿನ ತಂಗಿಯ ಮಗಳು ಬಂದಳು. ಶಾಲೆಯಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ಫೋನ್ ತೆಗೆದು ನೋಡಿ ಹುಬ್ಬೇರಿಸಿದಳು.

“ಮಾವ, ಈ ಹೊಸ ರೂಟರ್ ಯಾರು ಹಾಕಿದ್ದು?”

“ನಾನೇ! ಪಾಸ್‌ವರ್ಡೂ ಹಾಕಿದೀನಿ.” ದನಿ ತಗ್ಗಿಸಿದ. “ಮುಂಗೋಣೆ ನಲವತ್ತೇಳು.”

ಅವಳು ಫೋನನ್ನು ಅವನತ್ತ ತಿರುಗಿಸಿದಳು. ವೈಫೈ ಪಟ್ಟಿಯ ಮೊದಲಲ್ಲೇ ‘ಮುಂಗೋಣೆ47’.

“ಇದು ನೆಟ್‌ವರ್ಕ್ ಹೆಸರು ಮಾವ. ಬೀದೀಲಿರೋ ಫೋನಿಗೆಲ್ಲ ಕಾಣುತ್ತೆ. ಅದನ್ನೇ ಪಾಸ್‌ವರ್ಡ್ ಮಾಡ್ತಾರಾ?”

“ಹೆಸರಿನದು, ಪಾಸ್‌ವರ್ಡಿನದು, ಎರಡೂ ಖಾನೆ ತಾಳೆಯಾಗಬೇಕಲ್ವಾ! ಒಂದಕ್ಷರ ಹೆಚ್ಚುಕಮ್ಮಿ ಆದ್ರೂ ಅರ್ಜಿ ವಾಪಸ್ ಬರುತ್ತೆ!”

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಾಮ ಪತ್ರಗಳ ಫೋಲ್ಡರನ್ನೂ ಎಲ್ಲರ ಹಂಚಿಕೆಗೆ ತೆರೆದಿಟ್ಟಿದ್ದ. ರೂಟರಿಗೆ ಸೇರಿದ ಫೋನುಗಳಲ್ಲಿ ಕಟಿಂಗ್ ಶಾಪಿನವನದೂ ಇತ್ತು: ಅವನು ಪುಕ್ಕಟೆ ಹಾಡು ಕೇಳಲು ನೆಟ್‌ವರ್ಕಿನೊಳಗೆ ಬಂದು, ಪತ್ರಗಳನ್ನೂ ಓದಿದ್ದ.

“ಗೋಡೆ ದಾಟಿ ಹೇಗೆ ಬಂದ?”

“ಸಿಗ್ನಲ್ಲು ಗೋಡೆ ದಾಟುತ್ತೆ. ಎನ್‌ಕ್ರಿಪ್ಷನ್ ಅಂದ್ರೆ ಅಕ್ಷರಗಳನ್ನೆಲ್ಲ ಬೇರೆಯವರು ಓದೋಕಾಗದ ಹಾಗೆ ಕಲಸಿ ಕಳಿಸೋದು. ಆದ್ರೆ ಪಾಸ್‌ವರ್ಡ್ ಗೊತ್ತಿದ್ದವನನ್ನ ಅದು ತಡೆಯಲ್ಲ. ಬಂದುಹೋಗೋರಿಗೆ ಗೆಸ್ಟ್ ನೆಟ್‌ವರ್ಕ್ ಬೇರೆ ಮಾಡಬೇಕು. ರೂಟರಿನ ಸೆಟ್ಟಿಂಗಿಗೆ ಇನ್ನೊಂದು ಪಾಸ್‌ವರ್ಡ್...”

ಮಾಮ ತಲೆಯಾಡಿಸುತ್ತಲೇ ಇದ್ದ. ಅಕ್ಷರ ಕಲಸಿತ್ತೋ ಇಲ್ಲವೋ, ಅವನ ತಲೆಯಂತೂ ಕಲಸುಮೇಲೋಗರವಾಗಿತ್ತು. ಅರ್ಥವಾದದ್ದು ಒಂದೇ: ಹೆಂಡತಿ ಬಾಯಿ ಬಿಟ್ಟಿರಲಿಲ್ಲ.

ತಂಗಿಯ ಮಗಳು ಫೋಲ್ಡರಿನ ಹಂಚಿಕೆ ನಿಲ್ಲಿಸಿ, ಉದ್ದನೆಯ ಹೊಸ ಪಾಸ್‌ವರ್ಡನ್ನು ಅವನ ಕೈಯಲ್ಲೇ ಹಾಕಿಸಿದಳು. “ಮರೆತ್ರೆ ನೆನಪು ಮಾಡೋಕೆ ನಂಬಿಕಸ್ಥರೊಬ್ರಿಗೆ ಮಾತ್ರ ಹೇಳಿರು,” ಎಂದಳು.

ಮಾಮ ಮೊದಲು ಮಹಡಿ ಹತ್ತಿ ತಪ್ಪೊಪ್ಪಿಕೊಂಡ. “ಓದಿದ್ದು ಓದಿ ಆಯ್ತಲ್ಲ ಮಾಮ,” ಎಂದು ನರ್ಸಮ್ಮ ಬಾಗಿಲು ಹಾಕಿಕೊಂಡಳು. ಅದರಿಂದ ಅವನಿಗೆ ಬಹಳ ನೋವಾಯಿತು.

ಆಮೇಲೆ ಅಡುಗೆಮನೆಗೆ ಬಂದ. ಹೆಂಡತಿ ಬೆನ್ನು ತಿರುಗಿಸಿ ಪಾತ್ರೆ ತೊಳೆಯುತ್ತಿದ್ದಳು. ಬೀದಿಗೆಲ್ಲ ಕ್ಷಮಾಪಣೆ ಬರೆದುಕೊಟ್ಟವನಿಗೆ ತನ್ನದೊಂದು ಸಾಲು ಹೊರಡಲಿಲ್ಲ. ಹತ್ತಿರ ಹೋಗಿ ಹೊಸ ಪಾಸ್‌ವರ್ಡನ್ನು ಒಂದೊಂದೇ ಅಕ್ಷರವಾಗಿ ಅವಳ ಕಿವಿಯಲ್ಲಿ ಹೇಳಿದ.

ಅವಳು ನಲ್ಲಿ ನಿಲ್ಲಿಸಿದಳು.

“ನನಗ್ಯಾಕೆ ಹೇಳ್ತೀರಿ? ನನ್ನ ಬಾಯಿ ಸುಮ್ನಿರಲ್ವಲ್ಲ.”