ಇದ್ದಿಲು ಕಟ್ಟದ ಉಪ್ಪುಕಂಡ

ಗೆಳತಿಯರೇ, ಇವತ್ತು ಬೆಳಗ್ಗೆ ನಮ್ಮ ಮನೆಯಲ್ಲಿ ರೊಟ್ಟಿಗೆ ಉಪ್ಪುಕಂಡ ಸಿಗಲಿಲ್ಲ.

ಬಲಗೈ ಮುರಿದುಕೊಂಡಿರುವ ಅತ್ತೆಗೆ ಮಾಂಸ ಕೊಯ್ದು, ಉಪ್ಪು ಅರಿಶಿನ ಸವರಿ, ಒಣಗಿಸುವ ಕೆಲಸ ಈ ವರ್ಷ ಬೇಡವೆಂದು ನಾನೇ ಮದ್ದೂರಿನ ಬಸ್ ನಿಲ್ದಾಣದ ಅಂಗಡಿಯಿಂದ ತಂದಿದ್ದೆ. ಅತ್ತೆ ಪೊಟ್ಟಣ ಬಿಚ್ಚಿ, "ಇದ್ಲು ಎಲ್ಲೈತೆ?" ಅಂದರು. ಕಂಡ ಪೋಣಿಸಿದ ದಾರಕ್ಕೆ ಅವರು ದೃಷ್ಟಿಯಾಗದಿರಲೆಂದು ಇದ್ದಿಲ ಚೂರೊಂದನ್ನು ಕಟ್ಟುತ್ತಾರೆ.

"ಅಂಗಡೀಲಿ ಕಟ್ಟಲ್ಲ ಅತ್ತೆ."

"ಬಸ್ಸಿಗೆ ಕಾಯೋರೆಲ್ಲ ಕಣ್ಣಾಕವ್ರೆ. ಇದ ನನ್ ಮಗನ ಒಟ್ಟೆಗೆ ಆಕ್ತೀಯಾ?"

"ಯುದ್ಧ ಬಂದು ಪೆಟ್ರೋಲ್ ಸಿಗದಾದ ಮೇಲೆ ಬಸ್ಸೇ ಇದ್ದಿಲಲ್ಲಿ ಓಡುತ್ತಲ್ಲ, ಅದರಲ್ಲೇ ತಂದೆ."

ಅತ್ತೆ ನಗಲಿಲ್ಲ. "ನಾನೇನು ಸತ್ತೋದ್ನಾ?" ಎಂದು ಮೆಲ್ಲಗೆ ಕೇಳಿ, ದಬ್ಬಳ ತರಿಸಿದರು. ನಾನು ತುಂಡುಗಳನ್ನು ಹಿಡಿದೆ, ಅವರು ಎಡಗೈಯಲ್ಲಿ ಒಂದೊಂದನ್ನೇ ಪೋಣಿಸಿ ಇದ್ದಿಲು ಕಟ್ಟಿಸಿದರು. ಹಿತ್ತಲಲ್ಲಿ ಬಿಸಿಲು ಆ ತೆಳ್ಳನೆಯ ತುಂಡುಗಳೊಳಗೆ ಹೊಕ್ಕು, ಕೆಂಪು ಬೆಳಕಿನದೇ ಒಂದು ಮಾಲೆ ತೂಗಿದಂತಿತ್ತು. ಕಾಗೆ ಓಡಿಸುವ ಕೋಲು ಮಡಿಲಲ್ಲಿಟ್ಟುಕೊಂಡು ಅತ್ತೆ ಅರೆಗಣ್ಣಲ್ಲಿ ಕೂತರು. ನಾನೂ ಕೆಲಸ ಮರೆತು ನಿಂತೆ. ಅವರ ಕೈಗೆ ಬಿಡುವು ಕೊಡಲು ಹೋಗಿ ಏನನ್ನು ಕಿತ್ತುಕೊಂಡಿದ್ದೆನೋ.

ನಮ್ಮ ಯಜಮಾನರು ಇಣುಕಿ, "ಕಲ್ಲಂಗೆ ಒಣಗೈತಲ್ಲವ್ವ, ಕೊಡು" ಅಂದರು.

"ಇನ್ನೂ ಅಸಿ ಕಣ್ಲಾ. ಎರಡು ಬಿಸ್ಲು ಬೇಕು."

ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ, "ಕಂಡ ಯಾರು ಮಾಡುದ್ದು?" ಎಂದು ಕೂಗಿದಳು.

"ನಾನೇ ಕಣವ್ವ. ಸೊಸೇನೂ ವಸಿ ಕೈ ಜೋಡ್ಸುದ್ಲು."

ನನಗೆ ಅಷ್ಟಾದರೂ ಪಾಲು ಬಂತು. ಮದ್ದೂರಿನ ಅಂಗಡಿಯವನಿಗೆ ಅದೂ ಇಲ್ಲ.